ಎರಡು ಡಬ್ಬಿಯ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಿರುಸಾಲದ ಬಗ್ಗೆಯೇ ಇವೆ, ಅಂದರೆ ಅಡವಿಲ್ಲದೆ, ಹೆಚ್ಚಾಗಿ ಗುಂಪಿನ ಮೂಲಕ ಸಿಗುವ ಸಣ್ಣ ಸಾಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಾನು ಮೊದಲು ಇಂಥ ಸಾಲ ಪಡೆದವಳು. ಆಮೇಲೆ 11 ವರ್ಷ ಸಾಲದ ಗುಂಪುಗಳ ಹೆಂಗಸರಿಗೆ ವ್ಯಾಪಾರದ ತರಬೇತಿ ಕೊಟ್ಟವಳು. ಚಾಪೆಯ ಈ ಕಡೆಯೂ ಕೂತಿದ್ದೇನೆ, ಆ ಕಡೆಯೂ ಕೂತಿದ್ದೇನೆ. ಏಳು ಪತ್ರ ಮತ್ತು ಒಬ್ಬ ಗಂಡಸರ ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ಅಕ್ಕಾ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಎರಡನೇ ಮಷೀನಿಗೆ ಅಂತ ಗುಂಪಿನಲ್ಲಿ ಸಾಲ ತಗೊಂಡೆ. ಹಣ ಬಂದ ವಾರದಲ್ಲೇ ಅರ್ಧ ನಮ್ಮ ಮನೆಯವರ ಗಾಡಿ ರಿಪೇರಿಗೆ ಹೋಯಿತು. ಉಳಿದಿದ್ದು ಮಗನ ಫೀಸಿಗೆ. ಮಷೀನ್ ಬರಲೇ ಇಲ್ಲ. ಕಂತು ಮಾತ್ರ ವಾರವಾರ ನಾನೇ ಕಟ್ಟುತ್ತಿದ್ದೇನೆ. ವ್ಯಾಪಾರ ಮಾಡಲು ನನಗೆ ಯೋಗ್ಯತೆ ಇಲ್ಲ ಅನ್ನಿಸುತ್ತಿದೆ.

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಮೊದಲ ಸಾಲವೂ ಹೊಲಿಗೆ ಮಷೀನಿಗೇ. ಹಣ ಕೈಗೆ ಬಂದ ದಿನ ಮನೆ ಸೋರುತ್ತಿತ್ತು. ಹಣ ಸೂರಿಗೆ ಹೋಯಿತು. ಹಳೇ ಮಷೀನಿನಲ್ಲೇ ರಾತ್ರಿ 11 ಗಂಟೆಯ ತನಕ ಹೊಲಿದು 50 ವಾರ ಕಂತು ಕಟ್ಟಿದೆ. ಆಗ ನನಗೂ ನಿಮ್ಮ ಹಾಗೇ ಅನ್ನಿಸಿತ್ತು.

ಯೋಗ್ಯತೆಯ ಮಾತು ಬಿಡಿ. ಇದರ ಹಿಂದೆ ಒಂದು ದೊಡ್ಡ ಕಥೆ ಇದೆ, ಹೇಳುತ್ತೇನೆ. ಶ್ರೀಲಂಕಾದಲ್ಲಿ 2005ರ ಹೊತ್ತಿಗೆ ಕೆಲವು ಅರ್ಥಶಾಸ್ತ್ರಜ್ಞರು ಸಣ್ಣ ವ್ಯಾಪಾರಿಗಳಿಗೆ ವಾಪಸ್ ಕೊಡಬೇಕಿಲ್ಲದ ಹಣ ಕೊಟ್ಟು ನೋಡಿದರು. ಗಂಡಸರಿಗೂ ಕೊಟ್ಟರು, ಹೆಂಗಸರಿಗೂ ಕೊಟ್ಟರು. ಗಂಡಸರ ಲಾಭ ಏರಿತು. ಹೆಂಗಸರ ಲಾಭ ಸರಾಸರಿಯಲ್ಲಿ ಅಲ್ಲಾಡಲೇ ಇಲ್ಲ. ಅದನ್ನು ಓದಿದ ಎಷ್ಟೋ ಜನ, ಹೆಂಗಸರಿಗೆ ಬಂಡವಾಳ ಬೆಳೆಸುವುದು ಬರುವುದಿಲ್ಲ ಅಂದುಕೊಂಡರು. 2019ರಲ್ಲಿ ಬೇರೆ ನಾಲ್ವರು ಸಂಶೋಧಕಿಯರು ಶ್ರೀಲಂಕಾ, ಭಾರತ ಮತ್ತು ಘಾನಾದ ಲೆಕ್ಕಗಳನ್ನು ಮತ್ತೆ ಬಿಚ್ಚಿ ನೋಡಿದರು. ಈ ಸಲ ಮನೆಯಲ್ಲಿ ಬೇರೆ ಯಾರದೂ ವ್ಯಾಪಾರ ಇಲ್ಲದ ಹೆಂಗಸರನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿದರು. ಅಂಥವರು ಗಂಡಸರಷ್ಟೇ ಲಾಭ ಮಾಡಿದ್ದರು! ಉಳಿದವರ ಮನೆಗಳಲ್ಲಿ ಹಣ ಹೆಚ್ಚಾಗಿ ಗಂಡನ ವ್ಯಾಪಾರಕ್ಕೆ ಹರಿದಿತ್ತು. ಹಣ ಮನೆಯೊಳಗೇ ಇತ್ತು, ಅವಳ ಗಲ್ಲಾಪೆಟ್ಟಿಗೆಯಲ್ಲಿ ಇರಲಿಲ್ಲ ಅಷ್ಟೇ. ನಿಮ್ಮ ಮನೆಯಲ್ಲಿ ಆಗಿದ್ದೂ ಇದೇ. ನಿಮ್ಮ ಸಾಲದಲ್ಲಿ ಗಾಡಿ ಓಡುತ್ತಿದೆ. ಮನೆಗೆ ಅದರಿಂದ ಅನುಕೂಲ ಆಗಿರಬಹುದು. ಆದರೆ ಕಂತಿನ ಭಾರ ಮಾತ್ರ ಹಳೇ ಮಷೀನಿನ ಮೇಲೆ ಬಿದ್ದಿದೆ.

ಈಗ ಮಾಡಬೇಕಾದ್ದು ಎರಡು ಕೆಲಸ.

ಮೊದಲನೆಯದು, ಆಗಿಹೋದದ್ದಕ್ಕೆ ಒಂದು ಚೀಟಿ ಬರೆಯಿರಿ. "ಹೊಲಿಗೆ ವ್ಯಾಪಾರದಿಂದ ಮನೆಗೆ ಕೊಟ್ಟ ಸಾಲ, ಇಷ್ಟು" ಅಂತ. ಮನೆಯವರ ಎದುರಿಗೇ ಬರೆಯಿರಿ. ಜಗಳ ಬೇಡ, ಚೀಟಿ ಸಾಕು. ಗಾಡಿಯಿಂದ ಬರುವ ದುಡಿಮೆಯಲ್ಲಿ ವಾರಕ್ಕೆ ಇಷ್ಟು ಅಂತ ವಾಪಸ್ ಕೇಳಿ. ಕಾಗದದಲ್ಲಿ ಅಂಕಿ ಕಂಡಾಗ ಮಾತಿನ ಧಾಟಿಯೇ ಬೇರೆ ಆಗುತ್ತದೆ. ಇದನ್ನು ನಾನು ನನ್ನ ಮನೆಯಲ್ಲೇ ನೋಡಿದೆ. ಸೂರಿಗೆ ಹೋದ ಹಣದಲ್ಲಿ ಅರ್ಧದಷ್ಟು ಹಾಗೆಯೇ ವಾಪಸ್ ಬಂತು.

ಎರಡನೆಯದು ಮುಂದಿನ ಸಾಲಕ್ಕೆ. ಹಣ ನಗದಾಗಿ ಮನೆಯೊಳಗೆ ಬರದ ಹಾಗೆ ನೋಡಿಕೊಳ್ಳಿ. ಉಗಾಂಡಾದಲ್ಲಿ ಬಡವರಿಗೆ ಕಿರುಸಾಲ ಕೊಡುವ ಬ್ರ್ಯಾಕ್ ಸಂಸ್ಥೆಯ ಸುಮಾರು 3000 ಸಾಲಗಾರ್ತಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಸಾಲ ನಗದಾಗಿ ಕೊಟ್ಟರು. ಕೆಲವರಿಗೆ ವ್ಯಾಪಾರಕ್ಕೆಂದೇ ತೆರೆದ ಮೊಬೈಲ್ ಖಾತೆಗೆ ಹಾಕಿದರು. ಸಾಲ ಅಷ್ಟೇ, ಬಡ್ಡಿ ಅಷ್ಟೇ. ಎಂಟು ತಿಂಗಳಾದ ಮೇಲೆ ನೋಡಿದರೆ, ಖಾತೆಗೆ ಹಣ ಬಂದವರ ಲಾಭ ಶೇ. 15ರಷ್ಟು ಹೆಚ್ಚಿತ್ತು. ಹಣ ಕೊಡು ಅಂತ ಮನೆಯಲ್ಲಿ ಒತ್ತಾಯ ಇದ್ದ ಹೆಂಗಸರಿಗೇ ಇದರಿಂದ ಜಾಸ್ತಿ ಉಪಯೋಗವಾಯಿತು. ಕಣ್ಣಿಗೆ ಕಾಣದ ಹಣವನ್ನು ಕೇಳುವವರು ಕಡಿಮೆ ಅಲ್ವಾ? ನಿಮ್ಮದೇ ಹೆಸರಿನ ಖಾತೆ ಇರಲಿ. ಅದರ ಗುಟ್ಟಿನ ಸಂಖ್ಯೆ ನಿಮ್ಮ ತಲೆಯಲ್ಲೇ ಇರಲಿ. ಸಾಧ್ಯವಾದರೆ ಸಾಲ ಕೊಡುವವರು ಮಷೀನ್ ಮಾರುವವರಿಗೇ ನೇರ ಹಣ ಕೊಡಲಿ ಅಂತ ಕೇಳಿ. ಮಷೀನ್ ಮನೆಗೆ ಬಂದು ಕೂತ ಮೇಲೆ ಅದನ್ನು ಅರ್ಧ ಕತ್ತರಿಸಿ ಗಾಡಿಗೆ ಹಾಕಲು ಆಗುವುದಿಲ್ಲ.

ನನಗೆ ಇಬ್ಬರು ಸಾಲ ಕೊಡಲು ಮುಂದೆ ಬಂದಿದ್ದಾರೆ. ಒಬ್ಬರು ಶೇ. 12 ಬಡ್ಡಿ ಅಂತಾರೆ, ಇನ್ನೊಬ್ಬರು ಶೇ. 20. ಎಲ್ಲರೂ 12ರದ್ದೇ ತಗೋ ಅಂತಾರೆ. ಆದರೂ ಒಂದು ಸಲ ನಿಮ್ಮನ್ನು ಕೇಳೋಣ ಅನ್ನಿಸಿತು.

ಕೇಳಿದ್ದು ಒಳ್ಳೆಯದಾಯಿತು. 12 ಅನ್ನುವವರನ್ನು ಹೀಗೆ ಕೇಳಿ: "ಬಡ್ಡಿ ಮೊದಲು ತಗೊಂಡ ಪೂರ್ತಿ ಸಾಲದ ಮೇಲಾ, ಉಳಿದ ಬಾಕಿಯ ಮೇಲಾ?" ಪೂರ್ತಿ ಸಾಲದ ಮೇಲೆ ಅಂದರೆ ಅದನ್ನು ಫ್ಲಾಟ್ ಬಡ್ಡಿ ಅಂತಾರೆ. ಅಲ್ಲೇ ಇದೆ ವಿಷಯ.

1200 ಸಾಲ ತಗೊಂಡಿರಿ ಅಂತ ಇಟ್ಟುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಲೆಕ್ಕ ಒಂದೇ. 12 ತಿಂಗಳು, ತಿಂಗಳಿಗೆ 100 ಅಸಲು. ಫ್ಲಾಟ್ ಶೇ. 12 ಅಂದರೆ ವರ್ಷದ ಬಡ್ಡಿ 144. ಆದರೆ ನಿಮ್ಮ ಕೈಯಲ್ಲಿ ವರ್ಷಪೂರ್ತಿ 1200 ಇರಲಿಲ್ಲ ತಾನೇ? ಮೊದಲ ತಿಂಗಳು 1200 ಇತ್ತು, ಎರಡನೇ ತಿಂಗಳು 1100, ಕೊನೆಯ ತಿಂಗಳು 100. ಸರಾಸರಿ ತೆಗೆದರೆ 650. ನೀವು ಬಳಸಿದ್ದು 650, ಬಡ್ಡಿ ಕೊಟ್ಟಿದ್ದು 144. ಶೇ. 22 ಆಯಿತು! ಇನ್ನೊಬ್ಬರ ಶೇ. 20 ಉಳಿದ ಬಾಕಿಯ ಮೇಲೆ ಆಗಿದ್ದರೆ, ಅದೇ 650ಕ್ಕೆ 130 ಬಡ್ಡಿ. 20 ಅಂದವರದ್ದೇ ಅಗ್ಗ.

ಇಷ್ಟಕ್ಕೇ ನಿಲ್ಲಬೇಡಿ. ಅರ್ಜಿ ಶುಲ್ಕ, ವಿಮೆ, ಠೇವಣಿ ಅಂತ ಮೊದಲೇ ಎಷ್ಟು ಹಿಡಿದುಕೊಳ್ಳುತ್ತಾರೆ ಕೇಳಿ. 1200 ಬರೆಸಿಕೊಂಡು ಕೈಗೆ 1130 ಕೊಟ್ಟರೆ, ನಿಮ್ಮ ಸಾಲ 1130. ಬಡ್ಡಿ ಮಾತ್ರ 1200ಕ್ಕೆ. ನಾನು ಹೆಂಗಸರಿಗೆ ಹೇಳಿಕೊಡುವುದು ಎರಡೇ ಪ್ರಶ್ನೆ. "ಕೈಗೆ ಎಷ್ಟು ಬರುತ್ತದೆ? ಒಟ್ಟು ಎಷ್ಟು ವಾಪಸ್ ಕಟ್ಟಬೇಕು?" ಎರಡನ್ನೂ ಬರೆದುಕೊಡಿ ಅನ್ನಿ. ಕಂತುಗಳ ಸಂಖ್ಯೆಯೂ ಅವಧಿಯೂ ಒಂದೇ ಇದ್ದರೆ ಇಬ್ಬರ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶೇಕಡಾ ಗೊತ್ತಿಲ್ಲದವರಿಗೂ ಆಗ ಎಲ್ಲ ಕಾಣುತ್ತದೆ. ಬರೆದುಕೊಡಲು ಹಿಂದೆಮುಂದೆ ನೋಡುವವರ ಸಾಲ ಬೇಡವೇ ಬೇಡ.

ನಾನು ಸಾಬೂನು ಮಾಡುತ್ತೇನೆ, ಬಿಸಿ ಮಾಡದ ವಿಧಾನದಲ್ಲಿ. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಒಣಗಬೇಕು. ಆದರೆ ಸಾಲದ ಮೊದಲ ಕಂತು ಎರಡನೇ ವಾರಕ್ಕೇ ಇದೆ. ಸಾಲದ ಹಣದಲ್ಲೇ ಸ್ವಲ್ಪ ತೆಗೆದಿಟ್ಟು ಕಂತು ಕಟ್ಟು ಅಂತ ಗುಂಪಿನವರು ಹೇಳುತ್ತಾರೆ. ಇದು ಸರಿಯಾ?

ಬಹಳ ಮಂದಿ ಹಾಗೇ ಮಾಡುತ್ತಾರೆ. ಆದರೆ ಅದರ ಅರ್ಥ ನೋಡಿ: ಬಡ್ಡಿಗೆ ತಂದ ಹಣವನ್ನು ದುಡಿಸದೆ, ಬಡ್ಡಿ ಸಮೇತ ವಾಪಸ್ ಕೊಡುವುದು. ಅಷ್ಟು ಹಣದ ಎಣ್ಣೆ ಕಡಿಮೆ ಬಂತು, ಅಷ್ಟು ಸಾಬೂನು ಕಡಿಮೆ ಆಯಿತು.

ಇದನ್ನು ಕೋಲ್ಕತ್ತಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞೆಯರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಜೊತೆಗಾರರ ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿನ ಒಂದು ಕಿರುಸಾಲ ಸಂಸ್ಥೆ ಕೆಲವು ಹೆಂಗಸರಿಗೆ ಮಾಮೂಲಿನಂತೆ ಎರಡು ವಾರಕ್ಕೆ ಕಂತು ಶುರು ಮಾಡಿತು. ಇನ್ನು ಕೆಲವರಿಗೆ ಎರಡು ತಿಂಗಳು ಬಿಟ್ಟು ಶುರು ಮಾಡಿತು. ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ. ಮೂರು ವರ್ಷ ಆದಮೇಲೆ, ಬಿಡುವು ಸಿಕ್ಕವರ ವಾರದ ಲಾಭ ಶೇ. 40ರಷ್ಟು ಹೆಚ್ಚಿತ್ತು. ಅವರು ಕಚ್ಚಾ ಮಾಲು, ಸಲಕರಣೆ ಅಂತ ಧೈರ್ಯವಾಗಿ ಹಣ ಹಾಕಿದ್ದರು. ಮರುವಾರವೇ ಕಂತಿದ್ದರೆ ಅಂಥ ಧೈರ್ಯ ಎಲ್ಲಿಂದ ಬರಬೇಕು? ದಿನದ ದಿನ ಮಾರಿ ಬರುವ ವ್ಯಾಪಾರವನ್ನಷ್ಟೇ ನೋಡಿಕೊಳ್ಳಬೇಕಾಗುತ್ತದೆ. ನಿಮ್ಮಂಥ ಒಣಗುವ ತನಕ ಕಾಯುವ ಕೆಲಸ ಅಲ್ಲೇ ಸೋಲುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಬಿಡುವು ಸಿಕ್ಕವರಲ್ಲಿ ಸಾಲ ಕಟ್ಟಲಾಗದವರೂ ಜಾಸ್ತಿ ಇದ್ದರು. ದೊಡ್ಡ ಹೆಜ್ಜೆ ಇಟ್ಟವರಲ್ಲಿ ಕೆಲವರು ಎಡವಿದರು. ಸಾಲ ಕೊಡುವವರು ಬಿಡುವು ಕೊಡಲು ಹಿಂಜರಿಯುವುದು ಇದಕ್ಕೇ. ಅವರ ಭಯ ಸುಳ್ಳಲ್ಲ. ಆದರೆ ಆ ಭಯದ ಬೆಲೆಯನ್ನು ಕಟ್ಟುತ್ತಿರುವುದು ನಿಮ್ಮಂಥ ಹೆಂಗಸರು. ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ.

ನೀವು ಹೋಗಿ ಕೇಳಿ. "ನನ್ನ ಮಾಲು ಮಾರಾಟಕ್ಕೆ ಬರುವುದು ಏಳನೇ ವಾರ. ಮೊದಲ ಕಂತು ಎಂಟನೇ ವಾರಕ್ಕೆ ಇಡಿ" ಅನ್ನಿ. ತಯಾರಿಯ ತಾರೀಖು, ಒಣಗುವ ತಾರೀಖು, ಮಾರುವ ತಾರೀಖು ಬರೆದುಕೊಂಡು ಹೋಗಿ. ವಾರದ ಬದಲು ತಿಂಗಳ ಕಂತನ್ನಾದರೂ ಕೇಳಿ. ಕೋಲ್ಕತ್ತಾದಲ್ಲೇ ನಡೆದ ಇನ್ನೊಂದು ಪರೀಕ್ಷೆಯಲ್ಲಿ ತಿಂಗಳ ಕಂತಿನವರು ವಾರದ ಕಂತಿನವರಷ್ಟೇ ಚೆನ್ನಾಗಿ ಸಾಲ ತೀರಿಸಿದರು. ಕಂತಿನ ಚಿಂತೆ ಮಾತ್ರ ಅವರಿಗೆ ಅರ್ಧಕ್ಕರ್ಧ ಕಡಿಮೆ ಇತ್ತು. ಸಾಲ ಕೊಡುವವರು ಒಪ್ಪದೇ ಇದ್ದರೆ ಸಾಲ ಚಿಕ್ಕದು ಮಾಡಿ. ಪ್ರತಿ ವಾರ ಒಂದೊಂದು ಸಣ್ಣ ಅಚ್ಚು ಹಾಕಿ. ಏಳನೇ ವಾರದಿಂದ ಪ್ರತಿ ವಾರ ಮಾರಲು ಮಾಲು ಸಿಗುತ್ತದೆ. ಸರಪಳಿ ಒಂದು ಸಲ ಶುರುವಾದ ಮೇಲೆ ಸಾಲ ತಗೊಂಡರೆ ವಾರದ ಕಂತೂ ಅಷ್ಟು ಹೆದರಿಸುವುದಿಲ್ಲ.

ಹತ್ತು ದಿನದ ವ್ಯಾಪಾರ ತರಬೇತಿಗೆ ಹೋಗಿ ಬಂದೆ. ಜಮಾ, ಖರ್ಚು, ಖಾತೆ ಪುಸ್ತಕ ಅಂತ ಏನೇನೋ ಹೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಲೆಗೆ ಹೋಗಲಿಲ್ಲ. ಇಂಥ ತರಬೇತಿಯಿಂದ ನಿಜವಾಗಿ ಯಾರಿಗಾದರೂ ಉಪಯೋಗ ಆಗಿದೆಯಾ?

ಈ ಪ್ರಶ್ನೆ ನನ್ನನ್ನೇ ಕೇಳಿದ ಹಾಗಿದೆ. ಯಾಕೆಂದರೆ ಅಂಥ ತರಬೇತಿಯನ್ನು ನಾನೂ ಕೊಟ್ಟಿದ್ದೇನೆ. ಏಳು ಕಾಲಮ್ಮಿನ ಪುಸ್ತಕ ಹಂಚಿ, ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿಕೊಟ್ಟೆ. ಮೂರು ತಿಂಗಳಾದ ಮೇಲೆ 26 ಮನೆಗಳಿಗೆ ಹೋದೆ. ಇಬ್ಬರು ಬರೆದಿದ್ದರು. ಒಬ್ಬಳ ಪುಸ್ತಕದಲ್ಲಿ ಅವಳ ಮಗು ಚಿತ್ರ ಬಿಡಿಸಿತ್ತು. ಆ ದಿನ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತೆ. ಹೆಂಗಸರು 12 ದಿನದ ದುಡಿಮೆ ಬಿಟ್ಟು ನನ್ನ ಮುಂದೆ ಬಂದು ಕೂತಿದ್ದರಲ್ಲ, ಅದಕ್ಕೆ ನಾನು ಏನು ಕೊಟ್ಟೆ ಅನ್ನಿಸಿತು.

ಡೊಮಿನಿಕನ್ ಗಣರಾಜ್ಯದಲ್ಲಿ ಅಡೋಪೆಮ್ ಅನ್ನುವ ಸಂಸ್ಥೆಯ ಸಾಲಗಾರರ ಮೇಲೆ ನಡೆದ ಅಧ್ಯಯನ ನನಗೆ ಗೊತ್ತಾಗಿದ್ದು ಆಮೇಲೆ. 2014ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ ಪದ್ಧತಿ ಪ್ರಕಾರದ ಲೆಕ್ಕಶಾಸ್ತ್ರ ಕಲಿಸಿದರು. ಇನ್ನೊಂದು ಗುಂಪಿಗೆ ಕೈಗೆ ಬರುವ ಸರಳ ರೂಢಿಗಳನ್ನು ಕಲಿಸಿದರು. ಅದರ ಮುಖ್ಯ ಪಾಠ ಹೀಗಿತ್ತು: ಮನೆಯ ಹಣಕ್ಕೆ ಒಂದು ಡ್ರಾಯರ್, ವ್ಯಾಪಾರದ ಹಣಕ್ಕೆ ಇನ್ನೊಂದು. ವ್ಯಾಪಾರದಿಂದ ನಿಮಗೆ ಇಷ್ಟು ಸಂಬಳ ಅಂತ ಗೊತ್ತು ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚು ತೆಗೆದರೆ ಚೀಟಿ ಬರೆದು ಹಾಕಿ. ಕೊನೆಗೆ ಯಾರ ಲೆಕ್ಕ ಸುಧಾರಿಸಿತು ಗೊತ್ತಾ? ಡ್ರಾಯರ್‌ನವರದ್ದು. ಲೆಕ್ಕಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಆವತ್ತಿನಿಂದ ನನ್ನ ತರಬೇತಿ ಎರಡು ಡಬ್ಬಿಯ ತರಬೇತಿ ಆಯಿತು. ಮುಚ್ಚಳ ಇರುವ ಎರಡು ಡಬ್ಬಿ ತನ್ನಿ. ಒಂದು ಮನೆಯದು, ಒಂದು ವ್ಯಾಪಾರದ್ದು. ಮಾರಾಟದ ಹಣ ಮೊದಲು ವ್ಯಾಪಾರದ ಡಬ್ಬಿಗೆ ಬೀಳಬೇಕು. ಶನಿವಾರಕ್ಕೊಮ್ಮೆ ಅದರಿಂದ ನಿಮ್ಮ ಕೂಲಿ ತೆಗೆದು ಮನೆಯ ಡಬ್ಬಿಗೆ ಹಾಕಿ. ಕೂಲಿಯನ್ನು ಖಂಡಿತ ತೆಗೆಯಬೇಕು. ನಮ್ಮ ಹೆಂಗಸರು ಬಟ್ಟೆಗೆ, ದಾರಕ್ಕೆ, ಬಸ್ಸಿಗೆ ಲೆಕ್ಕ ಹಾಕುತ್ತಾರೆ. ತಮ್ಮ ಆರು ಗಂಟೆಯ ಕೆಲಸಕ್ಕೆ ಲೆಕ್ಕವೇ ಹಾಕುವುದಿಲ್ಲ. ಆಮೇಲೆ "ಲಾಭ ಬಂತು" ಅಂತಾರೆ. ಅದು ಅವರ ಕೂಲಿಯೇ, ಲಾಭ ಇನ್ನೂ ಬಂದಿಲ್ಲ. ಉದ್ರಿ ಕೊಟ್ಟರೆ ಒಂದು ಚೀಟಿ, ಅದೂ ವ್ಯಾಪಾರದ ಡಬ್ಬಿಗೇ. ಬರೆಯಲು ಬಾರದಿದ್ದರೆ ಗಿರಾಕಿಗೆ ಒಂದು ಗುರುತು, ಮೊತ್ತಕ್ಕೆ ಗೆರೆಗಳು. ತಿಂಗಳ ಕೊನೆಗೆ ಡಬ್ಬಿ ಸುರಿದು ಎಣಿಸಿ. ನಾಲ್ಕನೇ ಕ್ಲಾಸು ಧಾರಾಳವಾಗಿ ಸಾಕು.

ಇನ್ನೊಂದು ಬಗೆಯ ತರಬೇತಿಯೂ ಇದೆ. ಆಫ್ರಿಕಾದ ಟೋಗೊ ದೇಶದಲ್ಲಿ 1500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ವ್ಯಾಪಾರ ಪಾಠ ಹೇಳಿದರು. ಒಂದಕ್ಕೆ ತಾನಾಗಿ ಮುನ್ನುಗ್ಗುವ ಸ್ವಭಾವ ಕಲಿಸಿದರು. ಅಂದರೆ ಹೊಸ ಅವಕಾಶ ಹುಡುಕುವುದು, ಪಕ್ಕದವರು ಮಾರುವುದನ್ನೇ ಮಾರದಿರುವುದು, ಸೋತರೆ ಬೇರೆ ದಾರಿ ನೋಡುವುದು. ಮೂರನೇ ಗುಂಪಿಗೆ ಏನೂ ಇರಲಿಲ್ಲ. 2017ರಲ್ಲಿ ಫಲಿತಾಂಶ ಬಂತು. ಮುನ್ನುಗ್ಗಲು ಕಲಿತ ಹೆಂಗಸರ ಲಾಭ ಶೇ. 40ರಷ್ಟು ಏರಿತ್ತು. ಮಾಮೂಲಿ ಪಾಠ ಕಲಿತ ಹೆಂಗಸರದು ಶೇ. 5, ಅದೂ ಲೆಕ್ಕಕ್ಕೆ ಹಿಡಿಯುವಷ್ಟು ಖಚಿತವಾಗಿರಲಿಲ್ಲ.

ಮುಂದಿನ ಸಲ ಯಾವುದೇ ತರಬೇತಿಗೆ ಹೋದರೂ ಒಬ್ಬಳು ಗೆಳತಿಯನ್ನು ಕರೆದುಕೊಂಡು ಹೋಗಿ. ಇದು ಸುಮ್ನೆ ಹೇಳುವ ಮಾತಲ್ಲ. ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರದ್ದೇ ಆದ ಸೇವಾ ಬ್ಯಾಂಕಿನ ಸದಸ್ಯೆಯರಿಗೆ ಎರಡು ದಿನದ ತರಬೇತಿ ಕೊಟ್ಟಾಗ, ಕೆಲವರಿಗೆ ಗೆಳತಿಯನ್ನು ಕರೆತರಲು ಹೇಳಿದರು. ನಾಲ್ಕು ತಿಂಗಳ ಮೇಲೆ ನೋಡಿದರೆ, ಗೆಳತಿಯ ಜೊತೆ ಬಂದವರೇ ಹೆಚ್ಚಾಗಿ ವ್ಯಾಪಾರಕ್ಕೆ ಸಾಲ ತಗೊಂಡು ಕೆಲಸ ಬೆಳೆಸಿದ್ದರು. ಹೊಸಿಲು ದಾಟಲು ಮನೆಯಲ್ಲಿ ಕಟ್ಟುಪಾಡು ಇದ್ದವರಿಗೆ ಇದು ಇನ್ನೂ ಹೆಚ್ಚು ಕೆಲಸ ಮಾಡಿತು. ಬೆಳಿಗ್ಗೆ ಕಲಿತದ್ದನ್ನು ಸಂಜೆ ಮಾತಾಡಲು ಒಬ್ಬಳಿದ್ದರೆ ಅದು ಉಳಿಯುತ್ತದೆ.

ನಮ್ಮದು ಹತ್ತು ಜನರ ಗುಂಪು. ಒಬ್ಬಳು ಕಂತು ಕಟ್ಟಲಿಲ್ಲ ಅಂತ ನಮ್ಮೆಲ್ಲರನ್ನೂ ಸಂಜೆಯ ತನಕ ಏಳಲು ಬಿಡಲಿಲ್ಲ. ಕೊನೆಗೆ ನಾವೇ ಕೂಡಿಸಿ ಕಟ್ಟಿದೆವು. ಅವಳ ಮನೆ ಮುಂದೆ ಹೋಗಿ ಕೂಗಿ ಅಂತ ವಸೂಲಿಗೆ ಬಂದವರು ಹೇಳುತ್ತಿದ್ದಾರೆ. ಹೋಗಬೇಕಾ?

ಹೋಗಬೇಡಿ. ದಯವಿಟ್ಟು ಹೋಗಬೇಡಿ.

ನಾನು ಒಂದು ಸಲ ಹಾಗೆ ಹೋಗಿದ್ದೆ. ಸಾಲ ಪಡೆದ ಎರಡನೇ ವರ್ಷ. ಒಳಗೆ ಅವಳು ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಮ್ಮ ದನಿ ಕೇಳಿ ಮಗು ಅತ್ತಿತು. ಅವಳು ಎಷ್ಟೋ ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆ ಸಾಲದ ಸಂಸ್ಥೆ ಈಗ ಇಲ್ಲ, ಅವಳ ಮುಖ ನನಗೆ ಈಗಲೂ ನೆನಪಿದೆ.

ಗುಂಪು ಸಾಲ ಹುಟ್ಟಿದ್ದು ಬೇರೆ ಉದ್ದೇಶಕ್ಕೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಗ್ರಾಮದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್‌ನಷ್ಟು ಹಣ ಕೊಟ್ಟರು. ಅಡವಿಡಲು ಆ ಜನರ ಹತ್ತಿರ ಏನೂ ಇರಲಿಲ್ಲ. ಬ್ಯಾಂಕಿನ ಮುಂದೆ ಯೂನುಸ್ ತಾವೇ ಜಾಮೀನು ನಿಂತರು. ಆಮೇಲೆ ಕೆಲಸ ಬೆಳೆದಾಗ, ಜಮೀನು ಒಡವೆ ಇಲ್ಲದ ಹೆಂಗಸಿಗೆ ಗೆಳತಿಯರ ನಂಬಿಕೆಯೇ ಜಾಮೀನಿನ ಜಾಗದಲ್ಲಿ ನಿಂತಿತು. ಹೀಗೆ ಹುಟ್ಟಿದ ಅವರ ಗ್ರಾಮೀಣ ಬ್ಯಾಂಕು 1983ರಲ್ಲಿ ಕಾನೂನಿನ ಪ್ರಕಾರ ಬ್ಯಾಂಕಾಯಿತು. 2006ರಲ್ಲಿ ಅದಕ್ಕೂ ಯೂನುಸ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ 1998ರ ದೊಡ್ಡ ಪ್ರವಾಹದಲ್ಲಿ ಸಾಲಗಾರರು ಕಂತು ಕಟ್ಟಲಾಗದೆ ಸಿಕ್ಕಿಬಿದ್ದ ಮೇಲೆ, ಅದೇ ಬ್ಯಾಂಕು ತನ್ನ ಪದ್ಧತಿಯನ್ನು ಬದಲಿಸಿತು. 2002ರ ಹೊತ್ತಿಗೆ ಕಷ್ಟ ಬಂದವರಿಗೆ ಕಂತು ಸಣ್ಣದು ಮಾಡಿ, ಅವಧಿ ಉದ್ದ ಮಾಡುವ ದಾರಿ ತಂದಿತು. ಇದನ್ನು ಹೇಳುವವರು ಕಡಿಮೆ.

ಫಿಲಿಪ್ಪೀನ್ಸಿನ ಗ್ರೀನ್ ಬ್ಯಾಂಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗುಂಪಿನ ಸಭೆ ಉಳಿಸಿಕೊಂಡು, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಅನ್ನುವುದನ್ನು ಕೆಲವು ಗುಂಪುಗಳಲ್ಲಿ ತೆಗೆದುಹಾಕಿತು. ಕಂತು ತಪ್ಪಿಸುವವರು ಹೆಚ್ಚಾಗಲಿಲ್ಲ. ಹಾಗಾಗಿ, ಕೂಡಿಹಾಕಿ ಕೂರಿಸದಿದ್ದರೆ ಸಾಲ ವಾಪಸ್ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನೀವು ಸಹಿ ಮಾಡಿದ ಕಾಗದ ತೆಗೆದು ಓದಿಸಿ. ಒಬ್ಬರಿಗೊಬ್ಬರು ಹೊಣೆ ಅಂತ ಬರೆದಿದ್ದರೆ ಹಣದ ಹೊಣೆ ಇರುತ್ತದೆ. ಏಳಲು ಬಿಡದೆ ಕೂರಿಸುವ ಹಕ್ಕು, ಬಯ್ಯುವ ಹಕ್ಕು ಆ ಕಾಗದದಿಂದ ಬರುವುದಿಲ್ಲ. ಹತ್ತು ಜನವೂ ಸೇರಿ ಸಂಸ್ಥೆಯ ಮೇಲಿನವರಿಗೆ ಬರೆಯಿರಿ. ತಾರೀಖು, ಹೊತ್ತು, ಏನಂದರು ಅನ್ನುವುದು ಇರಲಿ. ಬರೆಯುವ ಮೊದಲು ನಿಮ್ಮಲ್ಲಿ ಇಬ್ಬರು ಅವಳ ಮನೆಗೆ ಹೋಗಿ ಬನ್ನಿ. ಏನಾಯಿತು ಅಂತ ಕೇಳಲು ಹೋಗಿ. ನೀವು ಕಟ್ಟಿದ್ದಕ್ಕೆ ಅವಳಿಂದ ಒಂದು ಚೀಟಿ ಬರೆಸಿಕೊಳ್ಳಿ. ಕೈಲಾದಾಗ ಸ್ವಲ್ಪ ಸ್ವಲ್ಪ ಕೊಡಲಿ.

ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಸಿಗುತ್ತಿದೆ. ಮೊಬೈಲ್ ಆ್ಯಪಿನಲ್ಲಂತೂ ಐದು ನಿಮಿಷಕ್ಕೆ ಕೊಡುತ್ತಾರಂತೆ. ತಗೊಳ್ಳಲಾ?

ಬೇಡ. 2008ರ ಸುಮಾರಿಗೆ ಬೋಸ್ನಿಯಾ, ಮೊರಾಕೊ, ನಿಕರಾಗುವಾ, ಪಾಕಿಸ್ತಾನದಲ್ಲಿ ಕಿರುಸಾಲದ ವ್ಯವಸ್ಥೆ ಕುಸಿದಾಗ ಕಂಡ ಒಂದು ದೊಡ್ಡ ಕಾರಣ ಇದೇ. ಒಂದೇ ಕೇರಿಗೆ ನಾಲ್ಕಾರು ಸಂಸ್ಥೆ ನುಗ್ಗಿ, ಒಂದೇ ಮನೆಗೆ ಸಾಲದ ಮೇಲೆ ಸಾಲ ಕೊಟ್ಟದ್ದು. ಇಂದೇ ಮೊದಲ ಸಂಸ್ಥೆಗೆ ಹೋಗಿ, ಕಂತು ತಪ್ಪುವ ಮೊದಲೇ ಅವಧಿ ಉದ್ದ ಮಾಡಿ ಅಂತ ಕೇಳಿ. ತಪ್ಪಿದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದರೆ ಕಿವಿಗೊಡುವವರು ಹೆಚ್ಚು. ಆ್ಯಪು ನಿಮ್ಮ ಫೋನಿನ ನಂಬರುಗಳನ್ನೂ ಫೋಟೊಗಳನ್ನೂ ನೋಡಲು ಅನುಮತಿ ಕೇಳಿದರೆ ತಕ್ಷಣ ಅಳಿಸಿಬಿಡಿ. ಸಾಲ ಕೊಡಲು ನಿಮ್ಮ ತಂಗಿಯ ನಂಬರು ಯಾರಿಗೂ ಬೇಕಿಲ್ಲ. ಹೆದರಿಸಲು ಬೇಕು.

ನನ್ನ ಅಕ್ಕನ ಗಂಡ ತೀರಿಕೊಂಡರು. ಎರಡು ಮಕ್ಕಳು. ಕೂಲಿ ಸಿಕ್ಕ ದಿನ ಊಟ. ಒಂದು ಸಾಲ ಕೊಡಿಸಿ ಅಂಗಡಿ ಹಾಕಿಕೊಡೋಣ ಅಂದುಕೊಂಡಿದ್ದೇನೆ. ನಿಮ್ಮ ಸಲಹೆ ಏನು?

ನಿಮ್ಮ ಪ್ರೀತಿ ದೊಡ್ಡದು. ಆದರೆ ಈಗಲೇ ಸಾಲ ಬೇಡ. ನಾಳೆಯ ಊಟ ಗ್ಯಾರಂಟಿ ಇಲ್ಲದವಳಿಗೆ ವಾರದ ಕಂತು ಕಲ್ಲಿನ ಹಾಗೆ. ಅಂಗಡಿಯ ಮಾಲನ್ನು ಮಕ್ಕಳ ಹಸಿವಿಗೇ ಬಳಸಬೇಕಾಗುತ್ತದೆ. ಅದು ತಪ್ಪೂ ಅಲ್ಲ.

ಕಿರುಸಾಲ ಎಲ್ಲರನ್ನೂ ಬಡತನದಿಂದ ಎತ್ತುತ್ತದೆ ಅಂತ ಒಂದು ಕಾಲದಲ್ಲಿ ನಾನೂ ನಂಬಿದ್ದೆ. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊದ ಆರು ಅಧ್ಯಯನಗಳು ಒಟ್ಟಿಗೆ ಬಂದವು. ಆರರಲ್ಲೂ ಹೆಚ್ಚುಕಡಿಮೆ ಒಂದೇ ಮಾತು. ಸ್ವಲ್ಪ ಅನುಕೂಲ ಆಗುತ್ತದೆ, ಬದುಕೇ ಬದಲಾಗುವಷ್ಟು ಸರಾಸರಿಯಲ್ಲಿ ಆಗುವುದಿಲ್ಲ. ಈಗಾಗಲೇ ವ್ಯಾಪಾರ ಇರುವವಳಿಗೆ ಸಾಲ ನೆರವಾಗುತ್ತದೆ. ಏನೂ ಇಲ್ಲದವಳಿಗೆ ಬೇರೆಯದೇ ಬೇಕು.

ಆ ಬೇರೆಯದನ್ನು ಬ್ರ್ಯಾಕ್ 2002ರಲ್ಲಿ ಬಾಂಗ್ಲಾದೇಶದಲ್ಲಿ ಶುರು ಮಾಡಿತು. ಮೊದಲು ವಾಪಸ್ ಕೊಡಬೇಕಿಲ್ಲದ ಒಂದು ಆಸ್ತಿ, ಹೆಚ್ಚಾಗಿ ದನ ಅಥವಾ ಆಡು. ಅದರ ಜೊತೆಗೆ ಕೆಲವು ತಿಂಗಳು ಊಟಕ್ಕೆ ಹಣ, ಸಾಕುವ ತರಬೇತಿ, ಉಳಿತಾಯ, ಆರೋಗ್ಯದ ನೆರವು. ಒಬ್ಬರು ವಾರವಾರ ಮನೆಗೆ ಬಂದು ವಿಚಾರಿಸುತ್ತಿದ್ದರು. ಇದೇ ಮಾದರಿಯನ್ನು ಆಮೇಲೆ ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರುವಿನಲ್ಲಿ ಮಾಡಿ ನೋಡಿದರು. ನೆರವು ನಿಂತು ಒಂದು ವರ್ಷ ಆದಮೇಲೂ ಆ ಮನೆಗಳ ಊಟ, ಆದಾಯ ಎರಡೂ ಮೊದಲಿಗಿಂತ ಚೆನ್ನಾಗಿತ್ತು. ಅಂಥ ಕಾರ್ಯಕ್ರಮ ಹತ್ತಿರದಲ್ಲಿ ಇದೆಯಾ ವಿಚಾರಿಸಿ. ಇಲ್ಲದಿದ್ದರೆ ನೀವೇ ಅದರ ಸಣ್ಣ ರೂಪ ಆಗಬಹುದು. ಸಾಲ ಕೊಡಿಸುವ ಬದಲು ಅಷ್ಟರ ಅರ್ಧ ಬೆಲೆಯ ಒಂದು ಸಲಕರಣೆ ಕೊಡಿಸಿ. ಮೂರು ತಿಂಗಳು ಮಕ್ಕಳ ಊಟ ನೋಡಿಕೊಳ್ಳಿ. ವಾರಕ್ಕೊಮ್ಮೆ ಹೋಗಿ ಬನ್ನಿ.

ಜೊತೆಗೆ ಅವಳನ್ನು ಒಂದು ಉಳಿತಾಯದ ಗುಂಪಿಗೆ ಸೇರಿಸಿ. 1991ರಲ್ಲಿ ನೈಜರ್ ದೇಶದ ಹಳ್ಳಿಗಳಲ್ಲಿ ಕೇರ್ ಅನ್ನುವ ನೆರವು ಸಂಸ್ಥೆ ಇಂಥ ಗುಂಪುಗಳನ್ನು ಶುರು ಮಾಡಿತು. ಹೊರಗಿನ ಸಾಲ ಇಲ್ಲ. ಹೆಂಗಸರದ್ದೇ ಹಣ, ಒಂದು ಪೆಟ್ಟಿಗೆ. ಅದಕ್ಕೆ ಮೂರು ಬೀಗ, ಒಂದೊಂದರ ಕೀಲಿ ಒಬ್ಬೊಬ್ಬಳ ಹತ್ತಿರ. ವರ್ಷದ ಕೊನೆಗೆ, ತಮ್ಮೊಳಗೇ ಕೊಟ್ಟ ಸಾಲದ ಬಡ್ಡಿ ಸಮೇತ ಎಲ್ಲರೂ ಹಂಚಿಕೊಳ್ಳುತ್ತಾರೆ. ಆಗಲೇ ಹೇಳಿದ, ಇಳಾ ಭಟ್ ಕಟ್ಟಿದ ಸೇವಾ ಬ್ಯಾಂಕು ಶುರುವಾಗಿದ್ದೂ ಹೆಂಗಸರದ್ದೇ ಹಣದಲ್ಲಿ. 1974ರಲ್ಲಿ 4000 ಹೆಂಗಸರು ತಲಾ 10 ರೂಪಾಯಿ ಹಾಕಿದರು. ಅಕ್ಕನಿಗೆ ಕೈಯಲ್ಲಿ ಸ್ವಲ್ಪ ಉಳಿದು, ವ್ಯಾಪಾರ ಆರು ತಿಂಗಳು ನಡೆದ ಮೇಲೆ ಸಾಲದ ಮಾತು ಎತ್ತೋಣ. ಆಗ ಮತ್ತೆ ಬರೆಯಿರಿ.

ಮೇಡಂ, ನಾನು ಗಂಡಸು. ನನ್ನ ಹೆಂಡತಿ ನೋಟ್‌ಬುಕ್ಕಿಗೆ ಬೈಂಡಿಂಗ್ ಮಾಡುವ ಕೆಲಸ ಶುರು ಮಾಡಿದ್ದಾಳೆ. ಸಾಲವೂ ಬಂದಿದೆ, ತರಬೇತಿಯೂ ಆಗಿದೆ. ಈಗ ನಾನು ಏನು ಮಾಡಿದರೆ ಅವಳಿಗೆ ನೆರವಾಗುತ್ತದೆ?

ಇಂಥ ಪತ್ರ ವರ್ಷಕ್ಕೆ ಒಂದೆರಡು ಬರುತ್ತವೆ. ನಿಮ್ಮದನ್ನು ಎತ್ತಿಟ್ಟುಕೊಂಡಿದ್ದೇನೆ.

ಅವಳಿಗೆ ಹೊತ್ತು ಕೊಡಿ. ದಿನಕ್ಕೆ ಮೂರು ಗಂಟೆ, ಗಡಿಯಾರ ನೋಡಿ. ಆ ಮೂರು ಗಂಟೆ ಮಕ್ಕಳು, ಅಡುಗೆ, ಬಾಗಿಲು ತಟ್ಟುವವರು ಎಲ್ಲ ನಿಮ್ಮ ಪಾಲು. ನೈರೋಬಿಯ ಒಂದು ಬಡ ಬಡಾವಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಖರ್ಚು ಭರಿಸಿದಾಗ, ದುಡಿಮೆಗೆ ಇಳಿದ ತಾಯಂದಿರ ಸಂಖ್ಯೆ ಏರಿತು. ಅವರಿಗೆ ಕೊರತೆ ಇದ್ದದ್ದು ಹೊತ್ತಿನದು. ಬೈಂಡಿಂಗ್ ಕೆಲಸದಲ್ಲಿ ಅಂಟು ಹಚ್ಚಿದ ಮೇಲೆ ನಡುವೆ ಎದ್ದು ಹೋಗಲು ಆಗುವುದಿಲ್ಲ. ಇದು ನಿಮಗೂ ಗೊತ್ತಿರುತ್ತದೆ.

ಇನ್ನೊಂದು, ಅವಳ ವ್ಯಾಪಾರದ ಡಬ್ಬಿಯನ್ನು ನೀವು ತೆರೆಯಬೇಡಿ. ಅಗತ್ಯ ಬಿದ್ದರೆ ಕೇಳಿ. ಕೊಡಲ್ಲ ಅಂದರೆ ಸರಿ ಅನ್ನಿ. ಕೊಟ್ಟರೆ ಚೀಟಿ ಬರೆದು ನೀವೇ ಡಬ್ಬಿಗೆ ಹಾಕಿ.

ಪತ್ರದ ಕೊನೆಗೆ, ನನ್ನ ಉತ್ತರವನ್ನು ಅವಳಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ಮೊದಲು ಅವಳ ಕೈಗೇ ಕೊಡಿ. ಮೂರು ಗಂಟೆ ಸಾಕಾ, ಯಾವ ಹೊತ್ತಿನ ಮೂರು ಗಂಟೆ ಬೇಕು, ಅವಳೇ ಹೇಳಲಿ.